ಐದು ಓಟಿನ ಮನೆ

“ಒಂದೇ ಓಟ್ರೀ ಅಜ್ಜಾರ! ಬರೇ ಒಂದು! ಆಕಿಗೆ ನೂರಾ ಎಂಬತ್ತೇಳು, ನನಗ ನೂರಾ ಎಂಬತ್ತಾರು. ಇನ್ನೊಂದು ಬಿದ್ದಿದ್ರ ಚೀಟಿ ಎತ್ತತಿದ್ರು. ನನ್ನ ದೈವ ಏನಂತೈತಿ ಅಂತರ ನೋಡಬಹುದಿತ್ತು.”

ದ್ಯಾಮಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಸಾವಿತ್ರವ್ವ ತಂದಿಟ್ಟ ಚಹಾ ಕೆನೆಗಟ್ಟುತ್ತಿತ್ತು. ಅದು ಎರಡು ಸಾವಿರನೇ ಇಸವಿ. ಗ್ರಾಮ ಪಂಚಾಯಿತಿ ಚುನಾವಣೆಯ ಎಣಿಕೆ ಹಿಂದಿನ ದಿನವಷ್ಟೇ ಶಿರಸಿಯಲ್ಲಿ ಮುಗಿದಿತ್ತು. ಗುಡ್ನಾಪುರದ ಕೆರೆಯಿಂದ ಕೂಗಳತೆಯಲ್ಲಿದ್ದ ಆ ಸಣ್ಣ ಊರಿಗೆ ಇದ್ದದ್ದು ಒಂದೇ ಸೀಟು. ಅದು ಹೊಲಿಗೆ ಕಲಿಸುವ ಸುಬ್ಬಲಕ್ಷ್ಮಿಯ ಪಾಲಾಗಿತ್ತು.

“ಸರಿಯಾಗಿ ಎಣಿಸ್ಯಾರೇನು?” ಕೇಳಿದರು ಸಾವಿತ್ರವ್ವನ ಗಂಡ ಮಧುಕೇಶ್ವರಪ್ಪ.

“ಎರಡು ಸಲ ಎಣಿಸ್ಯಾರ್ರಿ. ನನ್ನ ಕಡಿಯಿಂದ ಟೆಂಪೋ ಗನಿ ಸಾಹೇಬ ಮೇಜಿನ ಮುಂದ ಕೂತಿದ್ದ. ಮೂರು ಓಟು ಕೆಟ್ಟಾವಂತ. ಅಷ್ಟ ಹೇಳಿದ, ಮುಂದ ಬಾಯೇ ಬಿಡವಲ್ಲ.”

“ಕೆಡದೇನು ಮಾಡ್ತಾವು! ಚೀಟಿ ಮ್ಯಾಲ ಎಲ್ಲಿ ಬೇಕಲ್ಲಿ ಶಿಕ್ಕಾ ಒತ್ತಿ ಬರತಾರ. ನಾಗರಿಕ ಆಗೋದನ್ನೂ ಕಲೀಬೇಕಾಕ್ಕೈತಿ ದ್ಯಾಮಪ್ಪ, ಹುಟ್ಟಿದ ಕೂಡಲೆ ಬರೂದಿಲ್ಲ ಅದು.”

“ಖರೇರಿ.” ದ್ಯಾಮಪ್ಪ ಚಹಾ ಎತ್ತಿಕೊಂಡ. “ನಿಮ್ಮ ಮನಿ ಮ್ಯಾಲ ನನಗ ಏನೂ ಸಂಶಯ ಇಲ್ಲ ಬಿಡ್ರಿ,” ಅಂದ, ಸಂಶಯ ಇದ್ದವನ ದನಿಯಲ್ಲೇ. “ನೀವು ಐದು ಅಂದಿದ್ರಿ. ಐದೂ ಬಿದ್ದಾವು ಅಂತನ ತಿಳಕೊಂಡೀನಿ. ಆದ್ರ ನಿಮ್ಮ ಮೊಮ್ಮಗಳು ಆ ಹೊಲಿಗಿ ಬಾಯಿ ಜತಿ ಬಸ್‌ಸ್ಟ್ಯಾಂಡಿನಾಗ ನಕ್ಕೋತ ಮಾತಾಡೂದ ನೋಡೀವಿ ಅಂತ ಮಂದಿ ಅಂತಾರ. ಮಂದಿ ಬಾಯಿ, ನಂದಲ್ಲ.”

ಇಷ್ಟು ಹೇಳಿ, ಚಹಾ ಕುಡಿದು, ಅವನು ಎದ್ದು ಹೋದ. ಅವನು ಬಿಟ್ಟುಹೋದ ಮಾತು ಮಾತ್ರ ಜಗಲಿಯಿಂದ ಎದ್ದು ಒಳಗೆ ಬಂದು, ಮಧ್ಯಾಹ್ನದ ಊಟಕ್ಕೆ ಎಲ್ಲರ ನಡುವೆ ಕೂತುಬಿಟ್ಟಿತು.

ಮಧುಕೇಶ್ವರಪ್ಪ ಬಾಂಡ್ ಬರೆಯುವವರು. ಮೂವತ್ತೆಂಟು ವರ್ಷದಿಂದ ಬೆಳಗಿನ ಎಂಟೂವರೆಯ ಬಸ್ಸಿಗೆ ಶಿರಸಿಗೆ ಹೋಗಿ, ತಾಲೂಕು ಕಚೇರಿಯ ಹೊರಗೆ ಒಂದು ಇಳಿಜಾರು ಡೆಸ್ಕು ಹಾಕಿಕೊಂಡು, ಮಂದಿಯ ಕ್ರಯಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ, ಮೃತ್ಯುಪತ್ರ ಬರೆದುಕೊಟ್ಟವರು. ಬರೆದ ಪ್ರತಿ ಕಾಗದದ ಕೊನೆಗೆ ಬರೆದವನ ಗುರುತು ಇರಬೇಕು. ಅದಕ್ಕೆ ಬಿಕ್ಕಲಂ ಅಂತಾರೆ. ಮಧುಕೇಶ್ವರಪ್ಪನವರ ಬಿಕ್ಕಲಂ ಇಡೀ ತಾಲೂಕಿಗೇ ಗೊತ್ತು. ಮೊದಲು ಒಂದು ಉದ್ದ ಗೀಟು, ಅದರ ಕೆಳಗೆ ಹೆಸರು, ಹೆಸರಿನ ಕೊನೆಗೆ ಕರುವಿನ ಬಾಲದ ಹಾಗೆ ಮೇಲಕ್ಕೆ ತಿರುಗಿದ ಒಂದು ಸುರುಳಿ. ಆ ಬಾಲ ಇದ್ದ ಕಾಗದ ಕೋರ್ಟಿನಲ್ಲಿ ಬಿದ್ದದ್ದಿಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಸುಳ್ಳೂ ಅಲ್ಲ.

ಆ ದಿನ ಅವರು ರೊಟ್ಟಿ ಮುರಿಯುವ ಮೊದಲೇ ಕೇಳಿದರು. “ಶಿವಯೋಗಿ, ನೀ ಯಾವುದಕ್ಕ ಒತ್ತಿದಿ?”

ಮಗ ಶಿವಯೋಗಿಗೆ ನಲವತ್ತೈದು ದಾಟಿತ್ತು. ಆದರೂ ಅಪ್ಪನ ಮುಂದೆ ಅವನ ಉತ್ತರ ಬರುವುದು ಪ್ರಶ್ನೆ ಮುಗಿಯುವ ಮೊದಲೇ. “ತಕ್ಕಡಿಗೆ ಅಪ್ಪಾ. ನೀ ಹೇಳಿದ್ದ, ದ್ಯಾಮಪ್ಪನ ತಕ್ಕಡಿ.”

“ಗಿರಿಜಾ?”

“ತಕ್ಕಡಿನ ಮಾವಾರ,” ಅಂದಳು ಸೊಸೆ, ಬದನೆಕಾಯಿ ಪಲ್ಯದ ಪಾತ್ರೆಯಿಂದ ತಲೆ ಎತ್ತದೆ.

ಹೆಂಡತಿಯ ಕಡೆ ಹುಬ್ಬು ಎತ್ತಿದರು. ಸಾವಿತ್ರವ್ವ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. “ನಾ ಎಲ್ಲಿ ಒತ್ತಬೇಕೋ ಅಲ್ಲಿ ಒತ್ತೀನಿ. ಆರತೈತಿ, ಉಣ್ರಿ.”

ಅದು ಉತ್ತರವಲ್ಲ ಅಂತ ಮಧುಕೇಶ್ವರಪ್ಪನವರಿಗೆ ಹೊಳೆಯಲಿಲ್ಲ. ಹೊಳೆಯುವಷ್ಟು ಪುರುಸೊತ್ತು ಇರಲಿಲ್ಲ. ಅವರ ಕಣ್ಣು ಆಗಲೇ ಮೊಮ್ಮಗಳ ಮೇಲಿತ್ತು. ಶೈಲಾಗೆ ಇಪ್ಪತ್ತು. ಬಿ.ಎ. ಕೊನೆಯ ವರ್ಷ, ಇದು ಮೊದಲ ಓಟು. ಎಡಗೈ ಬೆರಳಿನ ಶಾಯಿ ಇನ್ನೂ ಮಾಸಿರಲಿಲ್ಲ.

“ನೀ ಹೇಳವ್ವ.”

“ಹೇಳಂಗಿಲ್ಲ ಅಜ್ಜಾ.”

“ಹೇಳಂಗಿಲ್ಲ ಅಂದ್ರ?”

“ಹೇಳಂಗಿಲ್ಲ ಅಂದ್ರ ಹೇಳಂಗಿಲ್ಲ. ಒಂದು ಉಪ್ಪಿನಕಾಯಿ ಹಾಕು ಆಯಿ.”

ಸಾವಿತ್ರವ್ವ ಉಪ್ಪಿನಕಾಯಿ ಹಾಕಿದರು. ಹಾಕುವ ಕೈ ಮಾತ್ರ ಸ್ವಲ್ಪ ನಿಧಾನವಾಯಿತು.

“ಸುಬ್ಬಲಕ್ಷ್ಮಿಗೆ ಹಾಕಿ ಬಂದಿ ನೀ.”

“ಹಾಕಿರಬಹುದು. ದ್ಯಾಮಪ್ಪ ಕಾಕಾಗೂ ಹಾಕಿರಬಹುದು. ಗುಪ್ತ ಮತದಾನ ಅಂದ್ರೇನು ಅಂತ ಆರನೇತ್ತೇದಾಗ ನನಗ ಹತ್ತು ಸಲ ಬರಿಸಿದವ್ರು ಯಾರು? ಗಂಡ ಹೆಂಡ್ತಿನ್ನ ಕೇಳಬಾರದು, ಧಣಿ ಆಳನ್ನ ಕೇಳಬಾರದು ಅಂತ ಬರಿಸಿದ್ದು ಮರ್ತಿಯೇನು?”

“ಅಜ್ಜ ಮೊಮ್ಮಗಳನ್ನ ಕೇಳಬಾರದು ಅಂತ ಬರಿಸಿದ್ದಿಲ್ಲ!”

“ಜಾಗ ಸಾಲಲಿಲ್ಲಂತ ಬಿಟ್ಟಿರಬೇಕು ನೀ.”

ಶಿವಯೋಗಿಗೆ ನಗು ಬಂತು. ಬಂದ ನಗುವನ್ನು ಮಜ್ಜಿಗೆ ಕುಡಿಯುವ ನೆಪದಲ್ಲಿ ನುಂಗಿಕೊಂಡ. ಮಧುಕೇಶ್ವರಪ್ಪ ಕೈ ತೊಳೆದು ಎದ್ದರು. ತಟ್ಟೆಯಲ್ಲಿ ಎರಡನೇ ರೊಟ್ಟಿ ಹಾಗೇ ಉಳಿದಿತ್ತು.

ಅಂದಿನಿಂದ ಮನೆಯ ಒಂದೊಂದೇ ಪದ್ಧತಿ ನಿಂತಿತು. ಸಂಜೆ ಬಸ್ಸಿಳಿದು ಬಂದ ಮೇಲೆ ಅಜ್ಜನಿಗೆ ಶೈಲಾ ಪೇಪರು ಓದಿ ಹೇಳಬೇಕು. ಎಂಟು ವರ್ಷದವಳಿದ್ದಾಗಿನಿಂದ ನಡೆದು ಬಂದದ್ದು. ಈಗ ಮಧುಕೇಶ್ವರಪ್ಪ ತಾವೇ ಭೂತಗನ್ನಡಿ ಹಿಡಿದು ಓದತೊಡಗಿದರು. ಒಂದು ಸುದ್ದಿಯ ತಲೆಗೆ ಇನ್ನೊಂದರ ಬಾಲ ಸೇರಿಸಿ, “ಏನು ಕಾಲ ಬಂತಪ್ಪ!” ಅನ್ನುವರು. ತಿದ್ದುವವರು ಒಳಗೆ ತುಟಿ ಬಿಗಿದು ಕೂತಿರುವರು. ಪೇಪರಿನ ನಡುವಿನ ಹಾಳೆಯನ್ನು ಸಾವಿತ್ರವ್ವ ಸದ್ದಿಲ್ಲದೆ ತೆಗೆದು ಹುಣಸೆಹಣ್ಣಿನ ಬುಟ್ಟಿಯ ಪಕ್ಕ ಇಡುವರು. ಅದು ಮೊಮ್ಮಗಳ ಪಾಲು.

ಇಷ್ಟೇ ಆಗಿದ್ದರೆ ಯುಗಾದಿಯ ಹೊತ್ತಿಗೆ ಸರಿಹೋಗುತ್ತಿತ್ತೋ ಏನೋ. ನಡುವೆ ಒಂದು ಅರ್ಜಿ ಇತ್ತು. ಶೈಲಾಗೆ ವಕೀಲಿ ಓದುವ ಆಸೆ. ಆಸೆ ಹಚ್ಚಿದವರೂ ಅಜ್ಜನೇ: “ನಾ ಹೊರಗ ಕೂತು ಬರದೆ, ನೀ ಒಳಗ ನಿಂತು ಮಾತಾಡು.” ಹುಬ್ಬಳ್ಳಿಯಲ್ಲಿ ಹುಡುಗಿಯರ ಒಂದು ವಸತಿನಿಲಯದಲ್ಲಿ ಜಾಗ ಹಿಡಿಯಬೇಕಿತ್ತು. ಅರ್ಜಿಯಲ್ಲಿ ಪಾಲಕರ ಸಹಿ ಬೇಕು, ಮಾರ್ಚ್ ಮೂವತ್ತೊಂದರೊಳಗೆ ಮುಟ್ಟಬೇಕು. ಒಂದನೇತ್ತೆಯ ಮಾರ್ಕ್ಸ್‌ಕಾರ್ಡಿನಿಂದ ಇಲ್ಲಿಯವರೆಗೆ ಅವಳ ಎಲ್ಲ ಕಾಗದಕ್ಕೂ ಬಿದ್ದದ್ದು ಕರುವಿನ ಬಾಲದ ಸಹಿ. ಚುನಾವಣೆಗೆ ಮೊದಲೇ ಅರ್ಜಿ ತುಂಬಿ ಅಜ್ಜನ ಡೆಸ್ಕಿನ ಮೇಲೆ ಇಟ್ಟಿದ್ದಳು. ಖಾಲಿ ಬಿಟ್ಟ ಸಾಲುಗಳಿಗೆಲ್ಲ ಅಜ್ಜ ಕಲಿಸಿದ ಹಾಗೇ ಗೀಟು ಎಳೆದಿದ್ದಳು. ಕಾಗದದಲ್ಲಿ ಖಾಲಿ ಜಾಗ ಕಂಡರೆ ಗೀಟು ಎಳೆದು ಮುಚ್ಚು, ಇಲ್ಲದಿದ್ದರೆ ನಾಳೆ ಯಾರೋ ಒಂದು ಸಾಲು ಸೇರಿಸುತ್ತಾರೆ. ಇದು ಆ ಮನೆಯಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೇ ಕಲಿಸುವ ಪಾಠ.

“ಅಜ್ಜಾ, ಅರ್ಜಿ,” ಅಂದಳು ಒಂದು ಬೆಳಿಗ್ಗೆ.

“ಅಲ್ಲೇ ಐತಿ.”

“ಸಹಿ?”

“ನನಗ ಗೊತ್ತಿಲ್ಲದ ವಿಷಯ ಇಟಗೊಂಡವ್ರ ಕಾಗದಕ್ಕ ನಾ ಸಹಿ ಮಾಡೂದಿಲ್ಲ. ನಂದೂ ಒಂದು ಕಾಯ್ದೆ ಐತಿ.” ಚಪ್ಪಲಿ ಮೆಟ್ಟಿ ಬಸ್ಸಿಗೆ ನಡೆದರು.

ಹೆಂಗಸರು ಮೂವರೂ ಹಿತ್ತಲ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸಲು ಕೂತ ಒಂದು ಮಧ್ಯಾಹ್ನ ಗಿರಿಜಾ ತಡೆಯಲಾರದೆ ಅಂದಳು: “ಯಾರ್ದೋ ಒಂದು ಹೆಸರು ಹೇಳಿಬಿಡ ತಾಯಿ. ತಕ್ಕಡಿ ಅಂದುಬಿಡು. ಖರೇನ ಸುಳ್ಳ ಅಂತ ಪೆಟಗಿ ಒಡದು ನೋಡ್ತಾರೇನು?”

“ತಕ್ಕಡಿಗೆ ಹಾಕಿದ್ರೂ ಹೇಳಂಗಿಲ್ಲವ್ವ.”

“ಹಾಕಿಯೇನು ಹಂಗಾರ?”

“ನೋಡು, ನೀನೂ ಸುರು ಮಾಡಿದಿ!”

“ಹೋಗ್ಲಿ ಬಿಡು, ಅರ್ಜಿ ತಾ ಇಲ್ಲಿ. ನಾ ಹಾಕ್ತೀನಿ ಸಹಿ. ಎಸ್ಸೆಸ್ಸೆಲ್ಸಿ ಪಾಸಾದಾಕಿ ನಾ. ಈ ಮನೀಗೆ ಬಂದ ಮ್ಯಾಲ ಒಂದು ಕಾಗದಕ್ಕರ ಸಹಿ ಮಾಡೀನೇನು?”

ಶೈಲಾ ಒಂದು ಹಣ್ಣಿನ ನಾರು ತೆಗೆದು, ಬೀಜ ಗುದ್ದಿ ಬುಟ್ಟಿಗೆ ಹಾಕಿದಳು. “ನಿನ್ನ ಸಹಿ ನಡೀತೈತಿ. ಅಪ್ಪಂದೂ ನಡೀತೈತಿ. ಆದ್ರ ಅಜ್ಜಂದಿಲ್ಲದ ಹೋದ್ರ ನಾ ಮನಿ ಬಿಟ್ಟು ಓಡಿಹೋದಂಗ ಆಕ್ಕೈತಿ. ನಾ ಓಡಿ ಹೋಗಾಕಿ ಅಲ್ಲ. ಬಾಗಿಲದಿಂದ ಹೋಗಾಕಿ.”

ಸಾವಿತ್ರವ್ವ ಬುಟ್ಟಿ ಅಲುಗಾಡಿಸಿ ಹಣ್ಣು ಸಮ ಮಾಡಿದರು. ಗಂಡನ ಹಟವೂ ಗೊತ್ತು, ಅದೇ ಹಟ ಒಂದು ತಲೆ ದಾಟಿ ಇಲ್ಲಿ ಲಂಗ ದಾವಣಿಯಲ್ಲಿ ಬೆಳೆದದ್ದೂ ಗೊತ್ತು. ಆದರೆ ಮಾರ್ಚ್ ಮೂವತ್ತೊಂದು ಯಾರ ಹಟಕ್ಕೂ ನಿಲ್ಲುವ ದಿನವಲ್ಲ. ಅದಕ್ಕೆ ಅವರು ಆ ಸಂಜೆಯೇ ಗಂಡನಿಗೆ ಅವಲಕ್ಕಿ ಕೊಡುತ್ತಾ ಮಾತು ತೆಗೆದರು.

“ಆಕಿ ಹೆಸರು ಹೇಳಿದ್ರ ನೀವೇನು ಮಾಡೋರು?”

“ಏನೂ ಮಾಡೂದಿಲ್ಲ. ಗೊತ್ತಾಗಬೇಕು ಅಷ್ಟ. ನಾ ದ್ಯಾಮಪ್ಪಗ ಮಾತು ಕೊಟ್ಟೀನಿ. ಸಾಲಿ ಮಾಳಿಗಿ ಸೋರತೈತಿ, ರಿಪೇರಿ ಮಾಡಸ್ತೀನಿ ಅಂದಿದ್ದ. ನಮ್ಮ ಮನಿ ಐದು ಓಟು ನಿಂದು ಅಂದೀನಿ.”

“ಹೆಂಗಂದ್ರಿ?”

“ಹೆಂಗಂದ್ರ? ಬಾಯಿಲೆ ಅಂದೆ.”

“ಅಲ್ರಿ, ಮತ್ತೊಬ್ಬರ ಹೊಲ ಬರಕೊಡಾಕ ಬಂದ್ರ ನೀವ ಕೇಳ್ತೀರಿ, ಪಹಣಿ ಯಾರ ಹೆಸರಿಲೆ ಐತಿ, ಅವ್ರು ಬಂದಾರೇನು ಅಂತ. ಐದು ಓಟು ಬರಕೊಟ್ಟ್ರೆಲ್ಲ, ನಿಮ್ಮ ಹೆಸರಿಲೆ ಇದ್ದದ್ದು ಒಂದು.”

ಮಧುಕೇಶ್ವರಪ್ಪ ಅವಲಕ್ಕಿಯ ಚಮಚ ಬಾಯಿಯ ಹತ್ತಿರವೇ ಹಿಡಿದು ಹೆಂಡತಿಯನ್ನು ನೋಡಿದರು. ನಲವತ್ತೇಳು ವರ್ಷದ ಸಂಸಾರದಲ್ಲಿ ಈ ಥರದ ಮಾತು ಈ ಬಾಯಿಂದ ಬಂದದ್ದು ನೆನಪಿರಲಿಲ್ಲ.

“ಆ ಒಂದರ ಸರಿಯಾಗಿ ಬಿದ್ದೈತಿ,” ಅಂದರು ಕೊನೆಗೆ. “ಅದರ ಬಗ್ಗೆ ನನಗ ಖಾತ್ರಿ ಐತಿ.”

ಮಾರ್ಚ್ ಇಪ್ಪತ್ತಾರಕ್ಕೆ ಇನ್ನೊಂದು ಸುತ್ತು ಆಯಿತು. ದೇವರ ಮನೆಯ ಮುಂದೆ ನಿಂತು, “ದೀಪ ಮುಟ್ಟಿ ಹೇಳು, ನಂಬತೀನಿ,” ಅಂದರು ಮಧುಕೇಶ್ವರಪ್ಪ. ಶೈಲಾ ಕೈಕಾಲು ತೊಳೆದು ಬಂದಳು. ದೀಪದ ಕಂಬ ಮುಟ್ಟಿದಳು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು.

“ದೀಪ ಮುಟ್ಟಿ ಹೇಳ್ತೀನಿ ಅಜ್ಜಾ. ನನ್ನ ತಲಿಗೆ ಸರಿ ಕಂಡವ್ರಿಗೆ ಹಾಕೀನಿ. ಯಾರಿಗಂತ ಹೇಳಂಗಿಲ್ಲ.”

“ನನ್ನ ಮನ್ಯಾಗ ನಿಂತು ನನಗ…”

“ನಿನ್ನ ಮನ್ಯಾಗ ಬೆಳೆದಿದ್ದಕ್ಕ ಅಜ್ಜಾ. ಬ್ಯಾರೆ ಮನ್ಯಾಗ ಬೆಳದಿದ್ರ ಯಾವಾಗೋ ಹೇಳಿಬಿಡತಿದ್ದೆ.”

ಆ ದಿನ ಇಬ್ಬರೂ ಊಟ ಮಾಡಲಿಲ್ಲ. ಮಾಡಿದ ಅನ್ನವನ್ನು ಸಾವಿತ್ರವ್ವ ಮರುದಿನ ಒಗ್ಗರಣೆ ಹಾಕಿ ಇಬ್ಬರ ತಟ್ಟೆಗೂ ಸರಿಪಾಲು ಬಡಿಸಿದರು. “ನೀವಿಬ್ರೂ ಬಿಟ್ಟದ್ದು, ನೀವಿಬ್ರ ಮುಗಸ್ರಿ.”

ಮೂವತ್ತನೇ ತಾರೀಖು ಮಧುಕೇಶ್ವರಪ್ಪ ಶಿರಸಿಗೆ ಹೋಗದೆ ಮನೆಯಲ್ಲೇ ಉಳಿದರು. ಹತ್ತು ಗಂಟೆಗೆ ಟೆಂಪೋ ಗನಿ ಸಾಹೇಬ ಬಂದ. ಬನವಾಸಿ ಶಿರಸಿ ದಾರಿಯಲ್ಲಿ ಇಪ್ಪತ್ತು ವರ್ಷದಿಂದ ಅನಾನಸಿನ ಹೊರೆ ಹೊತ್ತು ಓಡಾಡಿದ ಮನುಷ್ಯ. ಈ ಮನೆಯ ಜಗಲಿಗೆ ಹೊಸಬನಲ್ಲ. ಹಳೇ ಟೆಂಪೋ ತನ್ನ ಅಳಿಯ ನದೀಮನಿಗೆ ಕೊಡುತ್ತಿದ್ದೇನೆ, ಒಂದು ಕರಾರು ಪತ್ರ ಬರೆದುಕೊಡಿ ಅಂದ.

“ಅಳಿಯಗ ಕೊಡಾಕ ಕರಾರು ಯಾಕೋ?”

“ಮನ್ಯಾಕಿ ಆಯಿಷಾ ಹೇಳಿದ್ಲು ಅಣ್ಣಾರ. ಮಗಳ ಹೆಸರು ಅದ್ರಾಗ ಇರಬೇಕಂತ. ಆಕಿ ಹೇಳಿದ್ ಮ್ಯಾಲ ಆತು. ನಮ್ಮನ್ಯಾಗ ಹೈಕೋರ್ಟ್ ಅಡಗಿಮನ್ಯಾಗ ಐತಿ.”

ಸಾವಿತ್ರವ್ವ ನಕ್ಕು ಚಹಾ ತಂದರು. ಮಧುಕೇಶ್ವರಪ್ಪ ಡೆಸ್ಕು ಎಳೆದುಕೊಂಡರು. ಅದರ ಮೇಲಿದ್ದ ವಸತಿನಿಲಯದ ಅರ್ಜಿಯನ್ನು ಎತ್ತಿ ಪಕ್ಕಕ್ಕೆ ಇಟ್ಟರು.

“ಇದು ಎಂಥಾದ್ರಿ?” ಕೇಳಿದ ಗನಿ.

“ಶೈಲಾಂದು. ಹುಬ್ಬಳ್ಳಿ ಹಾಸ್ಟೆಲ್ಲು. ನಾಳಿ ಕಡೇ ದಿನ,” ಅಂದರು ಸಾವಿತ್ರವ್ವ. “ಸಹಿ ಆಗಿಲ್ಲ. ಓಟು ಯಾರಿಗೆ ಹಾಕಿದಿ ಹೇಳೂತನ ಆಗೂದಿಲ್ಲಂತ. ದ್ಯಾಮಪ್ಪ ಸೋತ ಆ ಒಂದು ಓಟು ಆಕೀದ ಅಂತ ಇವರ ತೀರ್ಪು.”

“ನೀ ಸುಮ್ನಿರು,” ಅಂದರು ಮಧುಕೇಶ್ವರಪ್ಪ.

ಗನಿ ಸಾಹೇಬ ಸುಮ್ಮನಾದ. ಮಾತಿನ ಮನುಷ್ಯ ಅವನು. ಅವನು ಸುಮ್ಮನಾದದ್ದು ಸಾವಿತ್ರವ್ವನ ಕಿವಿಗೆ ಬಿತ್ತು. ಕರಾರು ಬರೆದು ಮುಗಿಯುವವರೆಗೂ ಅವನು ಚಹಾ ಮುಟ್ಟಲಿಲ್ಲ, ಬರೆಯುವ ಕೈಯನ್ನೇ ನೋಡುತ್ತ ಕೂತ. ಒಳಬಾಗಿಲಲ್ಲಿ ಶೈಲಾ ಬಂದು ನಿಂತದ್ದೂ ಅವನಿಗೆ ಕಂಡಿರಬೇಕು.

ಕೊನೆಯ ಸಾಲು ಮುಗಿಯಿತು. ಕೆಳಗೆ ಮೂರು ಬೆರಳಿನಷ್ಟು ಖಾಲಿ ಜಾಗ. ಮಧುಕೇಶ್ವರಪ್ಪ ಉದ್ದಕ್ಕೆ ಗೀಟು ಎಳೆದರು, ಹೆಸರು ಬರೆದರು, ಸರ್ರನೆ ಬಾಲ ಎತ್ತಿದರು.

ಗನಿ ಆ ಬಾಲದ ಪಕ್ಕ ಬೆರಳಿಟ್ಟ.

“ಅಣ್ಣಾರ, ಎಣಿಕಿ ದಿನ ಸಾಹೇಬ್ರು ನಮಗೆಲ್ಲ ತಾಕೀತು ಮಾಡ್ಯಾರ. ಇಲ್ಲಿ ಕಂಡದ್ದು ಹೊರಗ ಆಡಬ್ಯಾಡ್ರಿ ಅಂತ. ನಾ ದ್ಯಾಮಪ್ಪಗೂ ಹೇಳಿಲ್ಲ, ಆಯಿಷಾಗೂ ಹೇಳಿಲ್ಲ. ಇವತ್ತೂ ಏನೂ ಹೇಳೂದಿಲ್ಲ.” ಬೆರಳನ್ನು ಬಾಲದ ಸುರುಳಿಗುಂಟ ಸರಿಸಿದ. “ಈ ಬಾಲ ಬಾಳ ಚಂದ ಐತ್ರಿ. ಆದ್ರ ಇದನ್ನ ಇರಬಾರದ ಜಾಗಾದಾಗ ನಾ ಒಮ್ಮೆ ನೋಡೀನಿ. ಇಷ್ಟ.”

ಕೆಟ್ಟ ಮೂರು ಓಟು. ಬಾಯೇ ಬಿಡದ ಗನಿ. ಸಾವಿತ್ರವ್ವನಿಗೆ ತಿಳಿಯಲು ಇಷ್ಟೇ ಸಾಕಾಯಿತು. ಗಂಡನ ಮುಖ ನೋಡಿದರು. ಮಧುಕೇಶ್ವರಪ್ಪ ತಮ್ಮ ಬಲಗೈಯನ್ನು ಬೇರೆಯವರ ಕೈ ನೋಡುವ ಹಾಗೆ ನೋಡುತ್ತಿದ್ದರು.

“ಜಾಗ ಇತ್ತು,” ಅಂದರು. “ಚೀಟಿ ಕೆಳಗ ಖಾಲಿ ಜಾಗ ಇತ್ತು. ಶಿಕ್ಕಾ ಒತ್ತಿದೆ. ಕೆಳಗ ಖಾಲಿ… ಯಾರರ ಏನರ ಸೇರಿಸ್ಯಾರು ಅಂತ…”

“ಗೀಟು ಎಳದ್ರಿ,” ಅಂದರು ಸಾವಿತ್ರವ್ವ.

“ಎಳದೆ ಅನಸ್ತೈತಿ. ಹೌದು, ಎಳದೆ. ಕಿಸೆದಾಗ ಪೆನ್ನಿತ್ತು.”

“ಹೆಸರು ಬಿದ್ದ ಓಟು ಗುಪ್ತ ಅಲ್ಲ, ಅದಕ್ಕ ಅದು ಕೆಟ್ಟಂಗ,” ಅನ್ನುವ ಮಾತು ಶೈಲಾಳ ಬಾಯಿಯ ತನಕ ಬಂದದ್ದು ಸಾವಿತ್ರವ್ವನಿಗೆ ಕಂಡಿತು. ಆರನೇತ್ತೆಯ ಪಾಠ ಅದು. ಹುಡುಗಿ ಆಡಲಿಲ್ಲ. ಬಂದು ಗನಿ ಕಾಕಾನ ಆರಿದ ಚಹಾ ಎತ್ತಿಕೊಂಡು, “ಬಿಸಿ ಮಾಡಿ ತರತೀನಿ,” ಅಂತ ಒಳಗೆ ಹೋದಳು. ಅವಳು ಬೆಳೆದಿದ್ದಾಳೆ ಅಂತ ಅಜ್ಜಿಗೆ ಪೂರ್ತಿ ಗೊತ್ತಾದದ್ದು ಆಗ.

ಗನಿ ಹೋದ ಮೇಲೆ ಮಧುಕೇಶ್ವರಪ್ಪ ಅಂಗಿ ಹಾಕಿಕೊಂಡು ಹೊರಟರು.

“ಎಲ್ಲಿಗೆ? ಊಟದ ಹೊತ್ತು.”

“ದ್ಯಾಮಪ್ಪನ ಮನೀಗೆ. ಆ ಓಟು ಯಾರ್ದು ಅಂತ ಆತಗ ಗೊತ್ತಾಗಬೇಕು. ನಾಳಿ ಆತ ಬಸ್‌ಸ್ಟ್ಯಾಂಡಿನಾಗ ನಮ್ಮ ಹುಡುಗಿ ಹೆಸರು ತಗೀಬಾರದು.”

“ಗನಿ ಹೆಸರು?”

“ಗನಿ ಏನು ಹೇಳ್ಯಾನ? ನನ್ನ ಕೈ ಏನು ಮಾಡಿತು ಅಂತ ನನಗ ನೆನಪಾತು. ಅಷ್ಟ ಹೇಳ್ತೀನಿ.”

ಎರಡು ಗಂಟೆಗೆ ಮರಳಿದರು. ದ್ಯಾಮಪ್ಪ ಮೊದಲು ಎರಡು ನಿಮಿಷ ಬಾಯಿ ತೆರೆದು ಕೂತನಂತೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. “ಅಜ್ಜಾರ, ನನ್ನ ಸೋಲಿಗೂ ಬಿಕ್ಕಲಂ ಹಾಕಿಬಿಟ್ರೆಲ್ಲ! ಇನ್ನ ಯಾವ ಕೋರ್ಟೂ ಕೇಳೂದಿಲ್ಲ ಬಿಡ್ರಿ,” ಅಂದನಂತೆ. ಇದನ್ನು ಅವರೇ, ಬಡಿಸಿಟ್ಟ ತಟ್ಟೆಯ ಮುಂದೆ ಕೂತು, ಹೇಳಿದರು. ಮೊದಲು ನಕ್ಕವಳು ಗಿರಿಜಾ. ಮಾವನ ಮುಂದೆ ನಕ್ಕೆನಲ್ಲ ಅಂತ ಗಾಬರಿಯಾಗಿ, ತಡೆಯಲಾಗದೆ ಮತ್ತೂ ನಕ್ಕಳು. ಶಿವಯೋಗಿ ಈ ಸಲ ಮಜ್ಜಿಗೆಯ ನೆಪ ಹುಡುಕಲಿಲ್ಲ.

ಊಟ ಆದ ಮೇಲೆ ಮಧುಕೇಶ್ವರಪ್ಪ ಅರ್ಜಿ ತೆಗೆದರು. ಸಹಿ ಮಾಡುವ ಮೊದಲು ತಡೆದು, ಒಳಗೆ ಕರೆದರು: “ಗಿರಿಜಾ, ಬಾ ಇಲ್ಲಿ. ಪಾಲಕರು ಅಂತ ಐತಿ. ತಾಯಿ ಮೊದಲ ಹಾಕ್ಲಿ. ನಾ ಕೆಳಗ ಹಾಕ್ತೀನಿ.”

ಗಿರಿಜಾ ಕೈಯನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡು, ಒಂದೊಂದೇ ಅಕ್ಷರ ಗುಂಡಗೆ ಬರೆದಳು. ಅದರ ಕೆಳಗೆ ಕರುವಿನ ಬಾಲ ಎದ್ದಿತು. ಸ್ವಲ್ಪ ಸಣ್ಣದಾಗಿ.

ಶೈಲಾ ಅರ್ಜಿ ಕೈಗೆ ತೆಗೆದುಕೊಂಡು ಅಜ್ಜನ ಪಕ್ಕ ಕೂತಳು. “ಅಜ್ಜಾ, ಈಗ ಹೇಳ್ತೀನಿ ಕೇಳು. ನೀ ಕೇಳಿದ್ದಕ್ಕಲ್ಲ, ನನ್ನ ಖುಷಿಗೆ. ನಾ ಒತ್ತಿದ್ದು—”

“ಬ್ಯಾಡ!” ಮಧುಕೇಶ್ವರಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. “ಬ್ಯಾಡ ಬ್ಯಾಡ. ನನಗ ಹೇಳಿದ್ರ ಮುಂದಿನ ಸಲಾನೂ ನಾ ಕೇಳ್ತೀನಿ. ನನ್ನ ಚಟ ನನಗ ಗೊತ್ತು. ನಿಂದು ನಿನ್ನ ಹತ್ರ ಇರ್ಲಿ.” ಕಿವಿಯಿಂದ ಒಂದು ಕೈ ತೆಗೆದು ಪೇಪರು ಅವಳ ಕಡೆ ನೂಕಿದರು. “ಇದನ್ನ ಓದು. ಒಂದು ತಿಂಗಳಿಂದ ದೇಶದಾಗ ಏನು ನಡದೈತಿ ಅಂತ ನನಗ ಒಂದೂ ತಿಳಿದಿಲ್ಲ.”

ಸಾವಿತ್ರವ್ವನ ಓಟು ಯಾರಿಗೆ ಬಿದ್ದಿತ್ತು ಅಂತ ಅವರನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ಕೇಳದ ಮೇಲೆ ನಾವಾದರೂ ಯಾಕೆ ಹೇಳಬೇಕು?

ಅರ್ಜಿ ಮರುದಿನ ಶಿವಯೋಗಿಯ ಕೈಯಲ್ಲಿ ಹುಬ್ಬಳ್ಳಿ ಮುಟ್ಟಿತು. ಮೇ ತಿಂಗಳಲ್ಲಿ ಜಾಗ ಸಿಕ್ಕ ಪತ್ರ ಬಂತು. ಜೂನ್ ಮೊದಲಿಗೆ ತಾಲೂಕು ಪಂಚಾಯಿತಿ ಚುನಾವಣೆ. ಓಟಿನ ದಿನ ಬೆಳಿಗ್ಗೆ ಸಾವಿತ್ರವ್ವ ಒಗ್ಗರಣೆಗೆ ಸಾಸಿವೆ ಡಬ್ಬಿ ತೆರೆದಿದ್ದರು. ಜಗಲಿಯಲ್ಲಿ ಯಾವುದೋ ಪಕ್ಷದ ಇಬ್ಬರು ಪಟ್ಟಿ ಹಿಡಿದು ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

“ಅಜ್ಜಾರ, ನಿಮ್ಮ ಮನೀವು ಐದು ಓಟು ನಮಗಂತ ಬರಕೊಳ್ಳೋಣೇನ್ರಿ?”

“ನಂದು ಒಂದು ಐತಿ. ಅದನ್ನೂ ಹೇಳೂದಿಲ್ಲ. ಉಳಿದವ್ರು ಒಳಗ ಅದಾರ, ಒಬ್ಬೊಬ್ರನ್ನ ಕೇಳ್ರಿ. ಹೊಡದಾರು, ಹುಷಾರು.”

ಅವರು ಹೋದರು. ಮಧುಕೇಶ್ವರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದರು. ಏನೂ ಮಾತಾಡದೆ ಎದೆಕಿಸೆಯಿಂದ ಪೆನ್ನು ತೆಗೆದು ಹೆಂಡತಿಯ ಕಡೆ ಚಾಚಿದರು. ಸಾವಿತ್ರವ್ವ ತೆಗೆದುಕೊಂಡು, ಸಾಸಿವೆ ಡಬ್ಬಿಯಲ್ಲಿ ನೆಟ್ಟಗೆ ಸಿಗಿಸಿ, ಒಲೆ ಆರಿಸಿ, ಚಪ್ಪಲಿ ಹುಡುಕುತ್ತ ಹೊರಗೆ ಬಂದರು.